ಮೊಂಡು ಶಿಲುಬೆ

ಚಮಚ ತುಟಿಯ ಹತ್ತಿರ ಬಂದದ್ದೇ ತಡ, ಅಮ್ಮ ಬಾಯಿ ಬಿಗಿದುಕೊಂಡಳು.

"ಇನ್ನೂ ಪ್ರಸಾದ ಆಗಿಲ್ಲ," ಎಂದಳು.

"ಇವತ್ತು ಮಂಗಳವಾರ ಅಮ್ಮ. ಒಂದೇ ಒಂದು ತುತ್ತು."

"ಯಾವ ವಾರ ಆದ್ರೇನು? ಪ್ರಸಾದಕ್ಕೆ ಮುಂಚೆ ಹೊಟ್ಟೆಗೆ ಏನೂ ಹಾಕಬಾರದು. ಐವತ್ತು ದಾಟಿತು ನಿನಗೆ, ಇಷ್ಟೂ ಗೊತ್ತಿಲ್ವಾ?"

ಮಗಳಿಗೆ ಗೊತ್ತಿಲ್ಲದೆ ಏನು. ನಡುರಾತ್ರಿಯಿಂದ ಒಂದು ಹನಿ ನೀರೂ ಮುಟ್ಟದೆ ಚರ್ಚಿನ ಪೂಜೆಗೆ ಹೋಗುವುದು ಅಮ್ಮನ ಬಾಲ್ಯದ ಕಟ್ಟಳೆ. ಆಮೇಲೆ ಧರ್ಮಸಭೆಯೇ ಅದನ್ನು ಸಡಿಲಿಸಿ ಒಂದು ಗಂಟೆಗೆ ಇಳಿಸಿತು, ಕಾಯಿಲೆಯವರಿಗೆ ಅದೂ ಬೇಡ ಎಂದಿತು. ಅಮ್ಮನ ತಲೆ ಈಗೀಗ ಎಷ್ಟೋ ಸಂಗತಿಗಳನ್ನು ಕೈಬಿಟ್ಟಿತ್ತು. ಗಂಡ ಸತ್ತದ್ದು, ಮಗ ಬೇರೆ ಊರಿನಲ್ಲಿರುವುದು, ಬೆಳಿಗ್ಗೆ ಹಲ್ಲುಜ್ಜಿದ್ದು, ಒಂದೂ ನೆನಪಿಲ್ಲ. ಮರೆತುಹೋಗಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿದ್ದ ಇದೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಗಂಟೆ ಹನ್ನೊಂದಾಗಿತ್ತು. ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಎರಡು ಸಲ ಬಿಸಿ ಮಾಡಿಯಾಗಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ತಟ್ಟೆಯ ಅಂಚಿನಲ್ಲಿ ಹಾಗೆಯೇ ಕೂತಿತ್ತು. ಹೊಟ್ಟೆಗೆ ಏನೂ ಬೀಳದೆ ಅದನ್ನು ಕೊಡುವ ಹಾಗಿರಲಿಲ್ಲ. ನಿನ್ನೆಯೂ ಹೀಗೇ ಆಗಿತ್ತು, ಮೊನ್ನೆಯೂ ಹೀಗೇ. ಮಗಳು ಚಮಚವನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಆ ಬೀದಿಯಲ್ಲಿ ಇವರದು ರೊಟ್ಟಿಯಮ್ಮನ ಮನೆ. ಅಮ್ಮ ನಲವತ್ತು ವರ್ಷ ಚರ್ಚಿಗೆ ಓಸ್ತಿ ಮಾಡಿಕೊಟ್ಟವಳು. ಪೂಜೆಯಲ್ಲಿ ಗುರುಗಳು ಎತ್ತಿ ತೋರಿಸುವುದು, ಆಮೇಲೆ ಜನ ಸಾಲುಗಟ್ಟಿ ಬಂದು ನಾಲಿಗೆಯ ಮೇಲೋ ಅಂಗೈಯಲ್ಲೋ ತೆಗೆದುಕೊಳ್ಳುವುದು, ಆ ಕಾಗದದಷ್ಟು ತೆಳ್ಳನೆಯ ಬಿಳಿ ಬಿಲ್ಲೆಯೇ ಓಸ್ತಿ. ಗುರುಗಳು ಪೂಜೆಯಲ್ಲಿ ಅರ್ಪಿಸಿದ ಮೇಲೆ ಅದೇ ಪ್ರಸಾದ. ಅಮ್ಮನ ಕೈ ನಡುಗತೊಡಗಿದ ಮೇಲೆ ಕೆಲಸ ಮಗಳ ಪಾಲಿಗೆ ಬಂತು. ಹೆಸರೂ ಹಿಂದೆಯೇ ಬಂತು, ಅವಳು ರೊಟ್ಟಿಯಕ್ಕನಾದಳು. ಮದುವೆ ಒಂದು ಬರಲಿಲ್ಲ. ಅದರ ಬಗ್ಗೆ ಅವಳಿಗೆ ಈಗ ದೂರೂ ಉಳಿದಿರಲಿಲ್ಲ.

ಮುಂದಿನ ಕೋಣೆಯೇ ಅವಳ ಕೆಲಸದ ಕೋಣೆ. ಗೋಧಿ ಹಿಟ್ಟು, ನೀರು, ಅಷ್ಟೇ, ಉಪ್ಪಿಲ್ಲ, ಹುಳಿಯಿಲ್ಲ. ತೆಳ್ಳಗೆ ಕಲಸಿದ ಹಿಟ್ಟನ್ನು ಒಂದು ಸೌಟು ಕಾದ ಕಬ್ಬಿಣದ ಅಚ್ಚಿಗೆ ಸುರಿದು, ಮೇಲಿನ ತಟ್ಟೆಯನ್ನು ಒತ್ತಿ ಮುಚ್ಚಬೇಕು. ಸುಯ್ಯೆಂದು ಆವಿ ಹೋಗಿ ಸದ್ದು ನಿಂತಾಗ ತೆರೆದರೆ, ಸಾಲು ಸಾಲು ಶಿಲುಬೆಯ ಗುರುತಿರುವ ದೊಡ್ಡ ಹಾಳೆ. ಹಾಗೇ ಕತ್ತರಿಸಿದರೆ ಪುಡಿಪುಡಿಯಾಗುತ್ತದೆ. ಒಂದು ರಾತ್ರಿ ಒದ್ದೆ ಬಟ್ಟೆಯ ಮಗ್ಗುಲಲ್ಲಿಟ್ಟು, ಮೆತ್ತಗಾದ ಮೇಲೆ ಒಂದೊಂದೇ ಬಿಲ್ಲೆ ಒತ್ತಿ ತೆಗೆಯಬೇಕು. ಉಳಿದ ಜಾಲರಿಯಂಥ ಚೂರುಗಳನ್ನು ಬೀದಿಯ ಮಕ್ಕಳು ಬಂದು ತಿನ್ನುತ್ತವೆ.

ಆ ಅಚ್ಚಿನ ಮೂಲೆಯ ಒಂದು ಶಿಲುಬೆಗೆ ಎಡತೋಳು ಇಲ್ಲ. ಅದಕ್ಕೆ ಕಾರಣ ಈ ಮಗಳು ಮತ್ತು ಅವಳ ತಮ್ಮ. ಅವಳಿಗೆ ಒಂಬತ್ತು, ಅವನಿಗೆ ಏಳು ಇದ್ದಾಗ, ಅಮ್ಮ ಬಟ್ಟೆ ಒಗೆಯಲು ಹೋದ ಹೊತ್ತಿನಲ್ಲಿ ಇಬ್ಬರೂ ಪೂಜೆಯಾಟ ಆಡಿದ್ದರು. ತಮ್ಮ ಹೆಗಲಿಗೆ ಮೇಜಿನ ಬಟ್ಟೆ ಹೊದ್ದು ಗುರುಗಳಾಗಿದ್ದ. ಎತ್ತಿ ತೋರಿಸಲು ಬೇರೇನೂ ಸಿಗದೆ ಬಿಚ್ಚಿಟ್ಟಿದ್ದ ಅಚ್ಚಿನ ತಟ್ಟೆಯನ್ನೇ ಎರಡೂ ಕೈಯಲ್ಲಿ ಎತ್ತಿ, ಭಾರ ತಾಳದೆ ಕಲ್ಲು ನೆಲದ ಮೇಲೆ ಬೀಳಿಸಿದ. ತಟ್ಟೆಯ ಮೂಲೆ ಜಜ್ಜಿಹೋಯಿತು. ಅಮ್ಮ ಬಂದು ನೋಡಿದಾಗ ಮಗಳು ಚೂರೊಂದನ್ನು ಹಿಡಿದು, ಪ್ರಸಾದ ಕೊಡುವಾಗ ಗುರುಗಳು ಹೇಳುವಂತೆ, ತಮ್ಮನಿಗೆ "ಕ್ರಿಸ್ತರ ದೇಹ" ಅನ್ನುತ್ತಿದ್ದಳು. ತಟ್ಟೆ ಬೀಳಿಸಿದ್ದಕ್ಕೆ ತಮ್ಮನಿಗೆ ಒಂದೇಟೂ ಬೀಳಲಿಲ್ಲ. ಆ ಮಾತಿಗೆ ಮಗಳ ಕೆನ್ನೆ ಎರಡು ದಿನ ಊದಿಕೊಂಡಿತ್ತು.

"ಇದು ಆಟದ ಸಾಮಾನಲ್ಲ," ಎಂದಿದ್ದಳು ಅಮ್ಮ, ಸಂಜೆ ಕೆನ್ನೆಗೆ ಎಣ್ಣೆ ಸವರುತ್ತ. "ಗುರುಗಳ ಕೈಗೆ ಹೋಗೋ ತನಕ ಇದು ಬರೀ ಹಿಟ್ಟು. ಹೋದ ಮೇಲೆ ಇದು ಹಿಟ್ಟೇ ಅಲ್ಲ. ಆ ನಡುವೆ ನಾವು ಕೈ ಹಾಕಬಾರದು. ತಿಳೀತಾ?"

ಆವತ್ತಿನಿಂದ ಆ ಮೂಲೆಯ ಬಿಲ್ಲೆಗಳನ್ನು ಅಮ್ಮ ಚರ್ಚಿಗೆ ಕಳಿಸಿದವಳಲ್ಲ. "ಮೊಂಡು" ಎಂದು ಬೇರೆ ತೆಗೆದು ಚೂರುಗಳ ಜೊತೆ ಹಾಕುತ್ತಿದ್ದಳು. ಯಾವ ಗುರುಗಳೂ ಅದನ್ನು ಕೇಳಿರಲಿಲ್ಲ, ಯಾರ ಕಣ್ಣಿಗೂ ಅದು ಬೀಳುವಂತಿರಲಿಲ್ಲ. ದೇವರ ಮೇಜಿಗೆ ಮೊಂಡು ಹೋಗಬಾರದು, ಅಷ್ಟೇ.

ಅಮ್ಮ ಹಾಸಿಗೆ ಹಿಡಿದು ಒಂದು ವರ್ಷವಾಗಿತ್ತು. ಮೊದಮೊದಲು ಭಾನುವಾರ ಮಾತ್ರ ಪ್ರಸಾದ ಬರುತ್ತಿತ್ತು. ತರುತ್ತಿದ್ದವರು ಕಂಪೌಂಡರ್ ಮಾವ. ಇವರಿಗೇನೂ ಸಂಬಂಧದಲ್ಲಿ ಮಾವನಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧಿ ಕೊಟ್ಟು ನಿವೃತ್ತರಾದವರು. ಕಾಯಿಲೆಯವರ ಮನೆಮನೆಗೆ ಪ್ರಸಾದ ಒಯ್ಯಲು ಬಿಷಪರ ಅಪ್ಪಣೆ ಪಡೆದಿದ್ದವರು ಆ ಚರ್ಚಿನಲ್ಲಿ ಅವರೊಬ್ಬರೇ. ಅಮ್ಮನ ತಲೆಯಲ್ಲಿ ವಾರದ ಏಳು ದಿನಗಳೂ ಭಾನುವಾರವಾಗಿಬಿಟ್ಟಾಗ, ಪ್ರಸಾದ ಬರದೆ ಊಟವಿಲ್ಲ ಎಂದು ಹಟ ಹಿಡಿದಾಗ, ಅವರೇ ಅದಕ್ಕೊಂದು ದಾರಿ ಕಂಡುಕೊಂಡರು. ದಿನಾ ಬೆಳಗಿನ ಆರರ ಪೂಜೆ ಮುಗಿಸಿ, ಕೊರಳಿಗೆ ಪುಟ್ಟ ಬೆಳ್ಳಿ ಡಬ್ಬಿ ತೂಗುಹಾಕಿಕೊಂಡು, ಏಳಕ್ಕೆ ಸರಿಯಾಗಿ ಬಂದುಬಿಡುತ್ತಿದ್ದರು.

"ನನಗೇನು ಕೆಲಸ ಹೇಳು," ಅನ್ನುತ್ತಿದ್ದರು ಬಾಗಿಲಲ್ಲಿ ಚಪ್ಪಲಿ ಬಿಡುತ್ತ. "ಊಟಕ್ಕೆ ಮುಂಚೆ ಒಂದು, ದಿನಕ್ಕೆ ಒಂದೇ ಸಲ. ಇಂಥಾ ಚೀಟಿ ನಾನು ಸರ್ವೀಸಲ್ಲಿ ಎಷ್ಟು ನೋಡಿಲ್ಲ."

ಅಮ್ಮ ಕಣ್ಣು ಮುಚ್ಚಿ, ಕೆಳತುಟಿಯ ಮೇಲೆ ನಾಲಿಗೆ ಚಾಚುತ್ತಿದ್ದಳು. "ಕ್ರಿಸ್ತರ ದೇಹ." "ಆಮೆನ್." ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ. ಆಮೇಲೆ ತಾನೇ ಕಣ್ಣು ಬಿಟ್ಟು, "ಹಾಲು ತಾರೇ," ಎಂದು ಮಗುವಿನಂತೆ ಬಾಯಿ ತೆರೆಯುತ್ತಿದ್ದಳು.

ಹಾಗೆ ಮೂರು ತಿಂಗಳು ನಡೆದದ್ದು ಹೋದ ಶುಕ್ರವಾರ ನಿಂತಿತು. ಕಂಪೌಂಡರ್ ಮಾವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗಳು ಫಾದರಿಗೆ ಫೋನು ಮಾಡಿದಳು. ಫಾದರ್ ಒಳ್ಳೆಯವರೇ, ವಯಸ್ಸು ಚಿಕ್ಕದು, ತಲೆಯ ಮೇಲೆ ಮೂರು ಚರ್ಚುಗಳ ಭಾರ. ಬಿಡುವಾದಾಗ ಬರುತ್ತೇನೆ ಎಂದರು. ನಿಮ್ಮ ಹೆಸರನ್ನೇ ಬಿಷಪರ ಕಚೇರಿಗೆ ಬರೆದು ಕಳಿಸಿದ್ದೇನೆ, ಅಪ್ಪಣೆ ಬರಲು ಒಂದು ತಿಂಗಳಾದರೂ ಬೇಕು ಎಂದರು. ಒಂದು ತಿಂಗಳು ಅಮ್ಮ ಏನು ತಿನ್ನಬೇಕು ಎಂದು ಅವಳು ಕೇಳಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ಪಕ್ಕದ ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದವಳು ಅಮ್ಮನ ಬೆರಳು ಚುಚ್ಚಿ ನೋಡಿದಳು. ಮುಖ ಗಂಟು ಹಾಕಿಕೊಂಡಳು.

"ಸಕ್ಕರೆ ತೀರಾ ಇಳಿದಿದೆ ಅಕ್ಕ. ಹೇಗಾದ್ರೂ ತಿನ್ನಿಸಿ."

"ಹೇಗೆ ತಿನ್ನಿಸಲಿ? ಬಾಯೇ ಬಿಡಲ್ಲ."

"ಏನೋ ಒಂದು ಹೇಳಿ ತಿನ್ನಿಸಿ. ನಮ್ಮ ವಾರ್ಡಲ್ಲಿ ದಿನಾ ಎಷ್ಟು ಸುಳ್ಳು ಹೇಳ್ತೀವಿ ಗೊತ್ತಾ?"

ಅವಳು ಹೋದ ಮೇಲೆ ಮಗಳು ಮುಂದಿನ ಕೋಣೆಗೆ ಬಂದಳು. ಬೆಳಿಗ್ಗೆ ಒತ್ತಿ ತೆಗೆದ ಬಿಲ್ಲೆಗಳು ಬಟ್ಟೆಯ ಮೇಲೆ ಹರಡಿದ್ದವು. ಮೂರು ಚರ್ಚುಗಳಿಗೆ ಸಾಕಾಗುವಷ್ಟಿದ್ದವು. ಊರಿಗೆಲ್ಲ ಇದನ್ನು ಮಾಡಿ ಕಳಿಸುವ ಮನೆಯಲ್ಲಿ ಇದಿಲ್ಲದೆ ಒಂದು ಜೀವ ಒಣಗುತ್ತಿದೆ. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಚೂರುಗಳ ಗುಡ್ಡೆಯ ಪಕ್ಕದಲ್ಲಿ ಎಂದಿನಂತೆ ಮೊಂಡುಗಳನ್ನು ಬೇರೆ ಇಟ್ಟಿದ್ದಳು. ಒಳ್ಳೆಯದನ್ನು ಮುಟ್ಟಲು ಕೈ ಬರಲಿಲ್ಲ. ಮೊಂಡೊಂದನ್ನು ಎತ್ತಿಕೊಂಡಳು.

ಕೈ ತೊಳೆದಳು. ಬಿಳಿ ಕರವಸ್ತ್ರ ಹಾಸಿದಳು. ಮೇಣದಬತ್ತಿ ಹಚ್ಚಿದಳು. ಬತ್ತಿಯ ಬೆಳಕು ಕಂಡದ್ದೇ ಅಮ್ಮ ದಿಂಬಿನಿಂದ ತಲೆ ಎತ್ತಿದಳು.

"ಬಂತಾ? ಯಾರು ತಂದ್ರು?"

"ನಾನೇ ಅಮ್ಮ."

"ನಿನಗೆ ಅಪ್ಪಣೆ ಸಿಕ್ತಾ?"

ಇಲ್ಲಿ ನಿಲ್ಲಿಸಬಹುದಾಗಿತ್ತು. ಅವಳು ಹೌದೆಂಬಂತೆ ತಲೆಯಾಡಿಸಿದಳು. ಅಮ್ಮನ ಮುಖ ಅರಳಿತು. ಕಣ್ಣು ಮುಚ್ಚಿತು, ನಾಲಿಗೆ ಚಾಚಿತು. ಮಗಳು ಬಿಲ್ಲೆಯನ್ನು ಹಿಡಿದು ಕಾದಳು, ಏನೂ ಹೇಳದೆ ಇಟ್ಟುಬಿಡೋಣ ಎಂದುಕೊಂಡಳು. ಹೇಳದೆ ಇದ್ದರೆ ನಾಲಿಗೆ ಒಳಗೆ ಹೋಗುತ್ತದೆ ಎಂದೂ ಅವಳಿಗೆ ಗೊತ್ತಿತ್ತು.

"ಕ್ರಿಸ್ತರ ದೇಹ," ಎಂದಳು.

"ಆಮೆನ್."

ನಲವತ್ತೈದು ವರ್ಷದ ಹಿಂದಿನ ಕೆನ್ನೆ ಚುರ್ ಎಂದಿತು. ಹತ್ತು ನಿಮಿಷ ಮನೆಯಲ್ಲಿ ಸದ್ದಿಲ್ಲ. ಆಮೇಲೆ ಅಮ್ಮ ಇಡೀ ಬಟ್ಟಲು ಹಾಲು ಬ್ರೆಡ್ಡು ತಿಂದು, ಮಾತ್ರೆ ನುಂಗಿ, ಬಾಳೆಹಣ್ಣು ಇದೆಯಾ ಎಂದು ಕೇಳಿದಳು.

ಮರುದಿನ ಏಳಕ್ಕೆ ಮತ್ತೆ ಅದೇ. ಅದರ ಮರುದಿನವೂ. ಮೊಂಡುಗಳನ್ನು ಹಾಕಿಡಲು ಹಳೆಯ ಬಿಸ್ಕತ್ತಿನ ಡಬ್ಬವೊಂದು ಅಮ್ಮನ ಕೋಣೆಯ ಶೆಲ್ಫಿಗೆ ಬಂತು. ಒಂದು ಬೆಳಿಗ್ಗೆ ಅಮ್ಮ ಕಣ್ಣು ತೆರೆದವಳೇ, "ಹೊಸದು ಇದು," ಎಂದಳು. ಮಗಳು ಡಬ್ಬವನ್ನು ಹಿಂದಕ್ಕೆ ಸರಿಸಿದಳು. "ಅಚ್ಚು ಜಾಸ್ತಿ ಕಾಯ್ಸಿದೀಯ. ಅಂಗುಳಕ್ಕೆ ಅಂಟಲ್ಲ, ಗರಿಗರಿ ಅನ್ನುತ್ತೆ. ಎಷ್ಟು ಸಲ ಹೇಳಿಕೊಟ್ಟರೂ ಅಷ್ಟೇ." ಅಷ್ಟು ಹೇಳಿ ಹಾಲಿಗೆ ಬಾಯಿ ತೆರೆದಳು. ಕೆಲಸ ಕಲಿಸಿದವಳ ನಾಲಿಗೆ, ಅದು ಎಲ್ಲಿ ಬಿಡುತ್ತದೆ.

ಅಮ್ಮನ ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಬಂದವರೆದುರು ಹೇಳಿಕೊಳ್ಳಲೂ ಶುರುಮಾಡಿದಳು: "ನಾನು ನಲವತ್ತು ವರ್ಷ ಹಿಟ್ಟು ಕಲಸಿದೆ. ಕೈಯಿಂದ ಒಬ್ಬರಿಗೆ ಕೊಡೋ ಭಾಗ್ಯ ನನಗೆ ಬರಲಿಲ್ಲ. ನನ್ನ ಮಗಳಿಗೆ ಬಂತು." ನರ್ಸಮ್ಮನಿಗೆ ಇದರ ತಲೆಬುಡ ತಿಳಿಯದು, ಹೌದೌದು ಎಂದು ನಕ್ಕಳು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಅಮ್ಮ ಒಂದು ದಿನವಾದರೂ ಅನುಮಾನ ಪಟ್ಟಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಶನಿವಾರ ಸಂಜೆ ಅವಳು ಪಾಪನಿವೇದನೆಗೆ ಹೋದಳು. ಕಿಂಡಿಯ ಆಚೆ ಫಾದರ್ ಕೂತಿದ್ದರು. ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಲಿಲ್ಲ.

"ಇದು ನಿಲ್ಲಬೇಕು," ಎಂದರು ಫಾದರ್.

"ನಿಲ್ಲಿಸಿದ್ರೆ ಊಟ ಮಾಡಲ್ಲ ಫಾದರ್."

"ನಾನು ಬರ್ತೀನಿ. ಆದಷ್ಟು ದಿನ ನಾನೇ ತರ್ತೀನಿ. ಆದ್ರೆ ಆ ಮಾತು ಹೇಳಿ ನೀವು ಕೊಡೋದು ನಿಲ್ಲಬೇಕು. ಪೂಜೆ ಮಾಡೋ ನನಗೇ ಆ ಮಾತಿನ ಭಯ ಇದೆ." ಕಿಂಡಿಗೆ ಇನ್ನಷ್ಟು ಹತ್ತಿರ ಬಾಗಿದರು, "ನಿಲ್ಲಿಸ್ತೀನಿ ಅಂತ ಹೇಳಿ. ಹೇಳದೆ ನಾನು ಕ್ಷಮೆ ಕೊಡೋಕಾಗಲ್ಲ."

"ಪ್ರಯತ್ನ ಪಡ್ತೀನಿ."

"ಪ್ರಯತ್ನ ಅಂದ್ರೆ?"

"ನಿಲ್ಲಿಸ್ತೀನಿ ಫಾದರ್."

ಆ ಕಿಂಡಿಯಲ್ಲಿ ಹೇಳಿದ್ದು ಅಲ್ಲಿಗೇ ಮುಗಿಯಿತು. ಅದನ್ನು ಕೇಳಿದ ಗುರು ಹೊರಗೆ ಬಂದು ಯಾರೊಂದಿಗೂ ಆ ಮಾತು ಎತ್ತುವಂತಿಲ್ಲ. ಹೇಳಿದವಳೊಂದಿಗೂ ತಾನಾಗಿ ಎತ್ತುವಂತಿಲ್ಲ. ಪ್ರಾಣ ಹೋದರೂ ಇಲ್ಲ. ಚಿಕ್ಕ ಮಕ್ಕಳಿಗೂ ಗೊತ್ತಿರುವ ನಿಯಮ ಅದು. ಅವಳು ಹೊರಗೆ ಬಂದಾಗ ಹೆಗಲು ಹಗುರವಾಗಿತ್ತು.

ಫಾದರ್ ಮಾತಿಗೆ ತಪ್ಪಲಿಲ್ಲ. ಭಾನುವಾರ ಬಂದರು, ಸೋಮವಾರ ಬಂದರು. ಮಂಗಳವಾರ ಇನ್ನೊಂದು ಚರ್ಚಿನಲ್ಲಿ ಎರಡು ಸಾವಾದವು, ಅವರು ಆ ಕಡೆ ಹೋದರು. ಬುಧವಾರವೂ ಬರಲಾಗಲಿಲ್ಲ. ಆ ಎರಡು ದಿನ ಅಮ್ಮ ಊಟಕ್ಕೆ ಬಾಯಿ ತೆರೆಯಲಿಲ್ಲ. "ನಿನಗೇ ಅಪ್ಪಣೆ ಇದೆಯಲ್ಲೇ, ಯಾಕೆ ತರಲ್ಲ? ನನ್ನಿಂದ ಏನು ತಪ್ಪಾಯ್ತು?" ಎಂದು ಕೇಳಿದಳು. ಮಗಳು ಬೇಡಿಕೊಂಡಳು, ಗದರಿದಳು, ಒಮ್ಮೆ ಬಲವಂತವಾಗಿ ಚಮಚ ತುರುಕಿದಳು. ಅಮ್ಮ ಹಾಲನ್ನೆಲ್ಲ ಎದೆಯ ಮೇಲೆ ಉಗುಳಿ, ತಪ್ಪು ಮಾಡಿದವಳಂತೆ ಅಳತೊಡಗಿದಳು. ಬುಧವಾರ ಸಂಜೆ ಮೈಯೆಲ್ಲ ಬೆವೆತು ನಡುಗುತ್ತ ಯಾರದೋ ಹೆಸರು ಕೂಗಿದಳು. ನರ್ಸಮ್ಮ ಓಡಿಬಂದು ಗ್ಲೂಕೋಸ್ ಸೂಜಿ ಚುಚ್ಚಿದಳು.

ಗುರುವಾರ ಬೆಳಿಗ್ಗೆ ಏಳಕ್ಕೆ ಮಗಳು ಶೆಲ್ಫಿನಿಂದ ಬಿಸ್ಕತ್ತಿನ ಡಬ್ಬ ಇಳಿಸಿದಳು. ಫಾದರಿಗೆ ಕೊಟ್ಟ ಮಾತು ಅವಳಿಗೆ ನೆನಪಿರಲಿಲ್ಲವೆಂದಲ್ಲ. ಒಂದು ಕಡೆ ಆ ಮಾತು, ಇನ್ನೊಂದು ಕಡೆ ಚಾಚಿದ ನಾಲಿಗೆ, ಅವಳಿಂದ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆಯೂ ಕೊಟ್ಟಳು. ಆವತ್ತು ಅಮ್ಮ ಎರಡೇ ಚಮಚ ಹಾಲು ಕುಡಿದಳು. ಉಸಿರಾಟದಲ್ಲಿ ಗೊರಗೊರ ಸದ್ದು ಶುರುವಾಗಿತ್ತು. ಡಾಕ್ಟರು ಬಂದು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಮಗಳನ್ನು ಹೊರಗೆ ಕರೆದರು.

"ಎದೇಲಿ ನೀರು ತುಂಬಿದೆ. ಹೃದಯ ಸೋತಿದೆ. ಈ ವಯಸ್ಸಲ್ಲಿ ಆಸ್ಪತ್ರೆಗೆ ಎಳೆದಾಡಬೇಡಿ. ಒಂದು ದಿನ, ಎರಡು ದಿನ. ಬರಬೇಕಾದವರಿಗೆ ಹೇಳಿಬಿಡಿ."

ಅವಳು ತಮ್ಮನಿಗೆ ಫೋನು ಮಾಡಿದಳು. ಆಮೇಲೆ ಫಾದರಿಗೆ ಮಾಡಿದಳು. ಸಾಯುವವರಿಗೆ ಕೊನೆಯದಾಗಿ ಕೊಡುವ ಪ್ರಸಾದಕ್ಕೆ ಇವರಲ್ಲಿ ದಾರಿಬುತ್ತಿ ಎನ್ನುತ್ತಾರೆ. ಒಬ್ಬರಿಗೆ ಅದು ಸಿಗದೆ ಹೋದರೆ ಮನೆಯವರು ವರ್ಷಗಟ್ಟಲೆ ಕೊರಗುತ್ತಾರೆ. ಬೀದಿಯಲ್ಲಿ ಎಷ್ಟೋ ಮನೆಯ ಮುದುಕರಿಗೆ, ಈಗಲೋ ಆಗಲೋ ಅನ್ನುವಾಗ, ಗುರುಗಳನ್ನು ಕರೆಸಿಕೊಡಲು ಓಡಿದವಳು ಅಮ್ಮನೇ.

ಫಾದರ್ ಮೂರು ಗಂಟೆಗೆ ಬಂದರು. ಸ್ಕೂಟರಿನಲ್ಲಿ ಬಂದಿದ್ದರಿಂದ ಕೂದಲೆಲ್ಲ ಧೂಳಾಗಿತ್ತು. ಮಗಳು ಮೇಣದಬತ್ತಿ ಹಚ್ಚಿ ಮಂಡಿಯೂರಿದಳು. ಅಮ್ಮ ಎಚ್ಚರವಿದ್ದಳು. ಅಷ್ಟು ನಿಚ್ಚಳವಾದ ಕಣ್ಣುಗಳನ್ನು ಮಗಳು ತಿಂಗಳುಗಳಿಂದ ಕಂಡಿರಲಿಲ್ಲ. ಹಣೆಗೂ ಅಂಗೈಗಳಿಗೂ ತೈಲ ಹಚ್ಚಿಸಿಕೊಂಡಳು. ವರ್ಷಕ್ಕೊಮ್ಮೆ ಕಾಯಿಲೆಯವರಿಗೆಲ್ಲ ಹಚ್ಚುತ್ತಿದ್ದದ್ದೇ, ಅದರಲ್ಲಿ ಅವಳಿಗೆ ಹೊಸದೇನೂ ಇರಲಿಲ್ಲ. ಫಾದರ್ ಬೆಳ್ಳಿ ಡಬ್ಬಿ ತೆರೆದು ಪ್ರಸಾದ ಎತ್ತಿದರು.

ಅಮ್ಮ ಬಾಯಿ ಮುಚ್ಚಿಕೊಂಡಳು.

"ಇವತ್ತಿನದು ಆಯ್ತಲ್ಲ ಸ್ವಾಮಿ," ಎಂದಳು, ಒಂದೊಂದೇ ಮಾತಿಗೆ ಉಸಿರು ಹುಡುಕಿಕೊಳ್ಳುತ್ತ. "ಬೆಳಿಗ್ಗೇನೇ ಮಗಳು ಕೊಟ್ಟಳು. ದಿನಕ್ಕೆ ಒಂದೇ ಸಲ."

ಫಾದರ್ ಕೈ ಹಾಗೇ ನಿಂತಿತು. ಅವರು ಮಗಳ ಕಡೆ ನೋಡಲಿಲ್ಲ. ಎದುರಿನ ಗೋಡೆಯನ್ನು ನೋಡಿದರು, ಅಲ್ಲಿ ನೋಡಲು ಏನೂ ಇರಲಿಲ್ಲ. ಬೆಳಿಗ್ಗೆ ಕೊಟ್ಟದ್ದು ಏನೆಂದು ಅವರಿಗೆ ಗೊತ್ತು. ಗೊತ್ತಿದೆ ಎಂದು ತೋರಿಸಿಕೊಳ್ಳುವ ಹಾಗಿಲ್ಲ. ಹೇಳಬಹುದಾದವಳು ಒಬ್ಬಳೇ, ಅವಳು ಮೂರಡಿ ದೂರದಲ್ಲಿ ಮಂಡಿಯೂರಿ ಕೂತಿದ್ದಳು.

"ಕೊನೆಯ ದಾರಿಬುತ್ತಿಗೆ ಆ ನಿಯಮ ಇಲ್ಲ ಅಮ್ಮ," ಎಂದರು ಫಾದರ್ ಮೆಲ್ಲಗೆ. "ಎರಡನೇ ಸಲವೂ ತಗೋಬಹುದು."

ಮನೆಯಲ್ಲಿ ಎರಡನೇ ಸಲ ಕೊಡುವುದು ಸಾಯುವವರಿಗೆ ಮಾತ್ರ ಎಂದು ಅಮ್ಮನಿಗೆ ಗೊತ್ತಿತ್ತು. ಅವಳು ಕಣ್ಣು ಹೊರಳಿಸಿ ಮಗಳನ್ನು ಹುಡುಕಿದಳು.

"ಹೌದೇನೇ? ನಾನು ಸಾಯ್ತಾ ಇದೀನಾ?"

ಎರಡು ಮಾತಿದ್ದವು. ಹೌದಮ್ಮ ಎನ್ನುವುದು ಒಂದು. ಬೆಳಿಗ್ಗೆ ಕೊಟ್ಟದ್ದು ಬರೀ ಹಿಟ್ಟು, ಇಷ್ಟು ದಿನ ಕೊಟ್ಟದ್ದೂ ಹಿಟ್ಟೇ ಎನ್ನುವುದು ಇನ್ನೊಂದು. ಯಾವುದನ್ನು ಹೇಳಿದ್ದರೂ ಆ ಬಾಯಿ ತೆರೆಯುತ್ತಿತ್ತು. ಮಗಳು ಅಮ್ಮನ ಮುಖ ನೋಡಿದಳು. ಹಣೆಯ ಮೇಲೆ ತೈಲ ಮಿರುಗುತ್ತಿತ್ತು. ಆ ಕಣ್ಣುಗಳಲ್ಲಿ ಹೆದರಿಕೆ ಬರಲೋ ಬೇಡವೋ ಎಂದು ಅವಳ ಉತ್ತರಕ್ಕೇ ಕಾಯುತ್ತಿತ್ತು.

"ಇಲ್ಲಮ್ಮ," ಎಂದಳು. "ಏನೂ ಆಗಿಲ್ಲ ನಿನಗೆ."

"ಮತ್ತೆ?" ಅಮ್ಮ ಸಮಾಧಾನದಿಂದ ದಿಂಬಿಗೆ ಒರಗಿದಳು. "ಸ್ವಾಮಿಗಳು ಪಾಪ ಅಷ್ಟು ದೂರದಿಂದ ಬಂದಿದ್ದಾರೆ. ಕಾಫಿ ಕೊಡು. ಇದನ್ನ ಇಲ್ಲದವರಿಗೆ ಕೊಡಲಿ. ನಾನು ನಾಳೆ ತಗೋತೀನಿ."

ಫಾದರ್ ಪ್ರಸಾದವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದರು. ಕಾಫಿ ಕುಡಿಯಲಿಲ್ಲ. ಅಂಗಳದಲ್ಲಿ ಸ್ಕೂಟರಿನ ಪಕ್ಕ ನಿಂತು, ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ, ಮಗಳ ಮುಖ ನೋಡದೆ ಕೇಳಿದರು:

"ನಾಳೆ ಬೆಳಿಗ್ಗೆ ಏಳಕ್ಕಿಂತ ಮುಂಚೇನೇ ಬರ್ತೀನಿ. ಅಲ್ಲೀವರೆಗೂ ಅವರಿಗೆ ಏನೂ ಆಗಿರಬಾರದು, ಅಲ್ವಾ?"

ಏನೂ ಆಗಿರಬಾರದು ಅಂದರೆ ತಾನು ಏನನ್ನೂ ಕೊಟ್ಟಿರಬಾರದು ಎಂದು ಅವಳಿಗೆ ಅರ್ಥವಾಯಿತು. ಅವರು ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

"ಆಗಲ್ಲ ಫಾದರ್," ಎಂದಳು.

ಸಂಜೆಯೆಲ್ಲ ಅಮ್ಮನ ಕೈ ಹಿಡಿದು ಕೂತಳು. ಹೇಳಿಬಿಡಬೇಕು ಎಂದು ನಾಲ್ಕು ಸಲ "ಅಮ್ಮಾ" ಎಂದಳು. ಮೂರು ಸಲ ಅಮ್ಮ "ಹೂಂ" ಎಂದಳು. ನಾಲ್ಕನೆಯ ಸಲ ಏನೂ ಅನ್ನಲಿಲ್ಲ, ನಿದ್ದೆ ಹತ್ತಿತ್ತು.

ಬೆಳಿಗ್ಗೆ ಐದೂಕಾಲಿಗೆ, ಆರರ ಪೂಜೆಯ ಮೊದಲ ಗಂಟೆ ಹೊಡೆಯುವ ಮುಂಚೆ, ಗೊರಗೊರ ಸದ್ದು ನಿಂತಿತು. ಆರೂವರೆಗೆ ಫಾದರ್ ಬಂದು ಬಾಗಿಲಲ್ಲಿ ನಿಂತರು. ಚಪ್ಪಲಿ ಬಿಡುವ ಮುಂಚೆಯೇ ಅವರಿಗೆ ತಿಳಿಯಿತು. ಕೊರಳಿನ ಬೆಳ್ಳಿ ಡಬ್ಬಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

ಮಣ್ಣು ಮರುದಿನ ಎಂದು ಗೊತ್ತಾಯಿತು. ತಮ್ಮ ಅಷ್ಟರಲ್ಲಿ ಬಂದಿದ್ದ. ಬಂದವನೇ ಅಕ್ಕನನ್ನು ತಬ್ಬಿ, "ನೀನು ಇಲ್ದೇ ಇದ್ದಿದ್ರೆ ಅಮ್ಮ ಯಾವತ್ತೋ ಹೋಗ್ತಿದ್ಲು ಅಕ್ಕಾ," ಎಂದು ಅತ್ತ. ಅವಳು ಬಿಡಿಸಿಕೊಂಡಳು. ಮನೆ ತುಂಬ ಜನ. ಅಮ್ಮನಿಗೆ ಸೀರೆ ಉಡಿಸುವುದು, ಕುರ್ಚಿ ತರಿಸುವುದು, ಹೂವು, ಪೆಟ್ಟಿಗೆ. ಆ ವಾರ ಅಚ್ಚು ಕಾಯಿಸಿರಲಿಲ್ಲ ಎನ್ನುವುದು ಯಾರಿಗೂ ನೆನಪಾಗಲಿಲ್ಲ, ಅವಳಿಗೂ.

ಚರ್ಚು ತುಂಬಿತ್ತು. ನಲವತ್ತು ವರ್ಷ ಅಮ್ಮನ ಕೈಯ ಓಸ್ತಿ ತೆಗೆದುಕೊಂಡವರೆಲ್ಲ ಬಂದಿದ್ದರು. ಕಂಪೌಂಡರ್ ಮಾವನನ್ನು ಗಾಲಿಕುರ್ಚಿಯಲ್ಲಿ ತಂದು ಪಕ್ಕದ ಬಾಗಿಲಲ್ಲಿ ಕೂರಿಸಿದ್ದರು. ಫಾದರ್ ಉಪದೇಶದಲ್ಲಿ ಹೆಚ್ಚು ಮಾತಾಡಲಿಲ್ಲ. ಈ ತಾಯಿ ಪ್ರಸಾದದ ಮೇಲೆ ಹಸಿವಿಟ್ಟುಕೊಂಡವರು ಎಂದರು, ಮುಂದೆ ಏನೋ ಹೇಳಹೊರಟು ಹಾಳೆ ಮಡಚಿಬಿಟ್ಟರು.

ಫಾದರ್ ಓಸ್ತಿಗಳ ಪಾತ್ರೆಯನ್ನು ಎತ್ತಿ ಅರ್ಪಿಸುವಾಗ ಮಗಳಿಗೆ ಥಟ್ಟನೆ ನೆನಪಾಯಿತು. ಪಕ್ಕದಲ್ಲಿ ಕೂತ ತಮ್ಮನ ತೋಳು ಮುಟ್ಟಿದಳು.

"ಇಷ್ಟು ಜನಕ್ಕೆ ಓಸ್ತಿ ಎಲ್ಲಿಂದ ಬಂತೋ?"

"ನಿನ್ನೆ ಗಂಟೆ ಹೊಡೆಯೋನು ಮನೆಗೆ ಬಂದಿದ್ದ. ಚರ್ಚಲ್ಲಿ ಕಡಿಮೆ ಇದೆ ಅಂದ. ಮುಂದಿನ ಕೋಣೇಲಿದ್ದ ಡಬ್ಬ ಕೊಟ್ಟೆ. ಅಮ್ಮನ ಶೆಲ್ಫ್ ಮೇಲೆ ಇನ್ನೊಂದು ಬಿಸ್ಕತ್ತಿನ ಡಬ್ಬದಲ್ಲೂ ಇತ್ತು, ಅದನ್ನೂ ಕೊಟ್ಟೆ. ಯಾಕೆ?"

"ಏನಿಲ್ಲ," ಎಂದಳು.

ಪೀಠದ ಮೇಲೆ ಫಾದರ್ ಬಾಗಿ, ಹಿಟ್ಟನ್ನು ಪ್ರಸಾದವಾಗಿಸುವ ಆ ಮಾತುಗಳನ್ನು ಹೇಳಿದರು, ಎತ್ತಿ ಹಿಡಿದರು, ಗಂಟೆ ಮೂರು ಸಲ ಹೊಡೆಯಿತು. ಎಲ್ಲರೂ ತಲೆ ಬಾಗಿಸಿದರು. ಪ್ರಸಾದದ ಸಾಲು ಎದ್ದಾಗ ಸತ್ತವರ ಮನೆಯವರು ಮೊದಲ ಬೆಂಚಿನಿಂದಲೇ ಹೋಗಬೇಕು. ಏಳುವುದೋ ಬೇಡವೋ ಎಂದು ಅವಳು ಯೋಚಿಸುವಷ್ಟರಲ್ಲಿ ತಮ್ಮ ಮೊಣಕೈ ಹಿಡಿದು ಎಬ್ಬಿಸಿದ. ಪೆಟ್ಟಿಗೆಯ ಪಕ್ಕದಲ್ಲೇ ಹಾದು ಹೋಗಬೇಕಾಗಿತ್ತು.

ಫಾದರ್ ಪಾತ್ರೆಯಿಂದ ಒಂದನ್ನು ಎತ್ತಿ ಅವಳ ಮುಖದೆದುರು ಹಿಡಿದರು. ಅದರ ನಡುವೆ ಶಿಲುಬೆ ಇತ್ತು. ಎಡತೋಳು ಇರಲಿಲ್ಲ.

"ಕ್ರಿಸ್ತರ ದೇಹ," ಎಂದರು.

ಅವಳ ತುಟಿಗಳು ಒಂದಕ್ಕೊಂದು ಅಂಟಿಕೊಂಡವು. ಆಮೆನ್ ಎನ್ನಲು ಅವುಗಳನ್ನು ಬಿಡಿಸನೋಡಿದಳು, ಆಗಲಿಲ್ಲ. ಫಾದರ್ ಕಾಯುತ್ತ ನಿಂತರು. ಅವಳ ಹಿಂದೆ ತಮ್ಮ ಕಾಯುತ್ತ ನಿಂತ, ಅವನ ಹಿಂದೆ ಬಾಗಿಲ ತನಕ ಇದ್ದ ಸಾಲೂ ಹಾಗೆಯೇ ನಿಂತಿತ್ತು.